ಕನ್ನಡಿ ಪರೀಕ್ಷೆಯಲ್ಲಿ ನಾಯಿ ನಪಾಸು

ಕಾಂಪೌಂಡ್ ಗೋಡೆ ಇರುವುದು ಎರಡು ಮನೆಗಳನ್ನು ಬೇರೆ ಮಾಡಲಿಕ್ಕೆ ಅಂತ ಅದನ್ನು ಕಟ್ಟುವವರು ತಿಳಿದಿರುತ್ತಾರೆ. ಮೈಸೂರಿನಲ್ಲಿ ಅದು ಇರುವುದು ಮೊಣಕೈ ಊರಲಿಕ್ಕೆ. ಎದೆಮಟ್ಟದ ಗೋಡೆ, ಈಚೆ ನಾನು, ಆಚೆ ರಿಟೈರಾದ ಗಣಿತದ ಮೇಷ್ಟ್ರು, ಗೋಡೆಯ ಮೇಲೆ ಎರಡು ಲೋಟ ಕಾಫಿ. ಇಷ್ಟಿದ್ದರೆ ಅಮೆರಿಕದ ಚುನಾವಣೆಯಿಂದ ಹಿಡಿದು ಹುಣಸೆಹಣ್ಣಿನ ರೇಟಿನವರೆಗೆ ಯಾವ ವಿಷಯವೂ ಪೇಪರಿನ ಹುಡುಗ ಬರುವಷ್ಟರಲ್ಲಿ ಇತ್ಯರ್ಥವಾಗಿಬಿಡುತ್ತದೆ. ಈಚೆಗೆ ಒಂದು ಕೇಸು ಮಾತ್ರ ವಾಯಿದೆಯ ಮೇಲೆ ವಾಯಿದೆ ಬಿದ್ದು ಎಳೆದಾಡುತ್ತಿದೆ. ಅದು ಟೈಗರನ ಕೇಸು.

ಟೈಗರ್ ಮೇಷ್ಟ್ರ ಮನೆಯ ನಾಯಿ. ಹೆಸರು ಕೇಳಿ ಯಾರೂ ಹೆದರಬೇಕಾಗಿಲ್ಲ. ಕಂದು ಬಣ್ಣ, ಒಂದು ಕಿವಿ ಮೇಲಕ್ಕೆ, ಒಂದು ಕಿವಿ ಕೆಳಕ್ಕೆ. ಯಾವ ಜಾತಿ ಅಂತ ಕೇಳಿದರೆ ಮೇಷ್ಟ್ರು "ಅಪ್ಪಟ ಸ್ವದೇಶಿ" ಅಂತ ಮಾತು ಮುಗಿಸುತ್ತಾರೆ. ಅವರ ಮನೆಯಲ್ಲಿ ಮೊದಲಿಂದ ಕನ್ನಡಿ ಅಂತ ಇದ್ದದ್ದು ಒಂದೇ. ಅದೂ ಬಚ್ಚಲುಮನೆಯ ಗೋಡೆಯಲ್ಲಿ, ಅಂಚಿನುದ್ದಕ್ಕೂ ಅಮ್ಮಾವ್ರು ತೆಗೆದು ಅಂಟಿಸಿದ ಸ್ಟಿಕರ್ ಬೊಟ್ಟುಗಳ ಸಾಲಿನ ಸಮೇತ. ಅಷ್ಟೆತ್ತರದ ಕನ್ನಡಿಗೂ ನಾಯಿಗೂ ಸಂಬಂಧವಿಲ್ಲ. ಹೀಗಿರುವಾಗ ಬೆಂಗಳೂರಿನಲ್ಲಿರುವ ಮಗಳು ಅಪ್ಪ ಅಮ್ಮನಿಗೆ ಅಂತ ಒಂದು ಹೊಸ ಬೀರು ಕಳಿಸಿದಳು. ಬಾಗಿಲಿಗೆ ಮೇಲಿಂದ ಕೆಳಗಿನವರೆಗೆ ನಿಲುಗನ್ನಡಿ.

"ರಾತ್ರಿ ರೆಪ್ಪೆ ಮುಚ್ಚಿಲ್ಲ ಕಣಯ್ಯ," ಅಂದರು ಮೇಷ್ಟ್ರು ಮಾರನೆಯ ಬೆಳಿಗ್ಗೆ. "ಬೀರುವಿನೊಳಗೆ ಇನ್ನೊಂದು ನಾಯಿ ಇದೆ ಅಂತ ನಮ್ಮ ಟೈಗರನ ವಾದ."

ನಾನೂ ಹೋಗಿ ನೋಡಿದೆ. ಬೆನ್ನ ಮೇಲಿನ ಕೂದಲೆಲ್ಲ ನಿಮಿರಿಸಿಕೊಂಡು, ಬಾಲ ನೆಟ್ಟಗೆ ಮಾಡಿಕೊಂಡು ಟೈಗರ್ ಬೊಗಳಿದ. ಎದುರಿನವನೂ ಬೊಗಳಿದ, ಆದರೆ ಸದ್ದಿಲ್ಲ. ಇವನಿಗೆ ಅನುಮಾನ ಬಂತು. ಮುಂಗಾಲು ನೆಲಕ್ಕೆ ಚಾಚಿ, ಹಿಂಭಾಗ ಎತ್ತಿ, ಆಟಕ್ಕೆ ಕರೆದ. ಅವನೂ ಅಷ್ಟೇ ಮರ್ಯಾದೆಯಿಂದ ಕರೆದ. ಹತ್ತಿರ ಹೋಗಿ ಮೂಸಿದ, ಗಾಜಿನ ಮೇಲೆ ಒದ್ದೆ ಮೂಗಿನ ಅಚ್ಚು ಬಿತ್ತು. ಆಮೇಲೆ ಪೊಲೀಸರು ಮಾಡುವ ಕೆಲಸ ಮಾಡಿದ. ಹಿತ್ತಲ ಬಾಗಿಲು ನೋಡಲಿಕ್ಕೆ ಹೋದ. ಬೀರುವಿಗೂ ಗೋಡೆಗೂ ನಡುವಿನ ಸಂದಿಗೆ ಮೂತಿ ತೂರಿಸಿ, ಅಲ್ಲಿನ ಧೂಳು ಮೂಗಿಗೆ ಹೋಗಿ, ಎರಡು ಸಲ ಸೀನಿ ವಾಪಸು ಬಂದ. ಅಲ್ಲಿಗೆ ತನಿಖೆ ಮುಗಿಯಿತು. ಈಗ ಅದೇ ಕನ್ನಡಿಗೆ ಬೆನ್ನು ಹಾಕಿಕೊಂಡು ಮಧ್ಯಾಹ್ನದ ನಿದ್ದೆ ಹೊಡೆಯುತ್ತಾನೆ.

ಮೇಷ್ಟ್ರಿಗೆ ಇದು ಅವಮಾನ. ಮೂವತ್ತು ಚಿಲ್ಲರೆ ವರ್ಷ ಎಸ್ಸೆಸ್ಸೆಲ್ಸಿ ಪೇಪರು ತಿದ್ದಿದ ಕೈ. ತಮ್ಮ ಮನೆಯ ಅನ್ನ ತಿಂದ ಪ್ರಾಣಿಗೆ ತನ್ನ ಮುಖವೇ ತನಗೆ ಗೊತ್ತಾಗಲಿಲ್ಲ ಅಂದರೆ ಹೇಗೆ? ಅವರ ಸಂಕಟ ನೋಡಲಾರದೆ, ಲೋಕದ ಮುಕ್ಕಾಲು ಪಾಲು ನಾಯಿಮರಿಗಳು ಮಾಡುವುದು ಇದನ್ನೇ ಅಂದೆ. ಮೊದಲು ಜಗಳಕ್ಕೆ ಹೋಗುತ್ತವೆ, ಆಮೇಲೆ ಆಟಕ್ಕೆ ಕರೆಯುತ್ತವೆ, ಆಮೇಲೆ ಕನ್ನಡಿಯ ಹಿಂದೆ ಹುಡುಕುತ್ತವೆ, ಕೊನೆಗೆ ಕೈಬಿಡುತ್ತವೆ. ಅವರು ಒಪ್ಪಲಿಲ್ಲ.

ಅಷ್ಟರಲ್ಲಿ ಆಯುಧಪೂಜೆ ಬಂತು. ಅಮ್ಮಾವ್ರು ಸ್ಕೂಟರಿಗೆ, ಗ್ರೈಂಡರಿಗೆ, ಈಳಿಗೆಮಣೆಗೆ, ಮೋಟರಿನ ಸ್ವಿಚ್ಚಿಗೆ ಕುಂಕುಮ ಇಟ್ಟು, ಬಟ್ಟಲಲ್ಲಿ ಉಳಿದದ್ದನ್ನು ಟೈಗರನ ಹಣೆಗೂ ಬಳಿದರು. ಮೇಷ್ಟ್ರಿಗೆ ತಕ್ಷಣ ಒಂದು ಯೋಚನೆ ಹೊಳೆಯಿತು. ನಾಯಿಯ ಕೊರಳಪಟ್ಟಿ ಹಿಡಿದು ಬೀರುವಿನ ಮುಂದೆ ನಿಲ್ಲಿಸಿದರು. ಬುದ್ಧಿ ಇದ್ದರೆ ಹಣೆ ಉಜ್ಜಿಕೊಳ್ಳಬೇಕು. ಟೈಗರ್ ಕನ್ನಡಿಯ ಕಡೆ ಒಂದು ಸಲ ಕಣ್ಣು ಹಾಯಿಸಿ, ಮೇಷ್ಟ್ರ ಇನ್ನೊಂದು ಕೈಯಲ್ಲಿದ್ದ ಕಡಲೆ ಉಸಲಿಯ ಕಡೆ ತಿರುಗಿಕೊಂಡ.

"ನೂರಕ್ಕೆ ಸೊನ್ನೆ," ಅಂದರು ಮೇಷ್ಟ್ರು.

ಇದನ್ನೇ 1970ರಲ್ಲಿ ಗಾರ್ಡನ್ ಗ್ಯಾಲಪ್ ಅಂತ ಒಬ್ಬ ಅಮೆರಿಕದ ಮನಶ್ಶಾಸ್ತ್ರಜ್ಞ ಮಾಡಿ ದೊಡ್ಡ ಹೆಸರು ತಗೊಂಡ ಅಂತ ನಾನು ಹೇಳಿದಾಗ ಅವರ ಮುಖ ಸ್ವಲ್ಪ ಅರಳಿತು. ಆತ ತಗೊಂಡದ್ದು ಕುಂಕುಮ ಅಲ್ಲ, ವಾಸನೆಯಿಲ್ಲದ ಕೆಂಪು ಬಣ್ಣ. ಚಿಂಪಾಂಜಿಗಳ ಮುಂದೆ ಹತ್ತು ದಿನ ಕನ್ನಡಿ ಇಟ್ಟ. ಮೊದಮೊದಲು ಅವೂ ನಮ್ಮ ಟೈಗರನ ಹಾಗೆಯೇ ಎದುರಿನವನ ಮೇಲೆ ಹಾರಾಡಿದವು. ದಿನ ಕಳೆದಂತೆ ಕನ್ನಡಿ ನೋಡಿಕೊಂಡು ಹಲ್ಲಿನ ಸಂದಿ ಕೆದಕಿಕೊಳ್ಳುವುದು, ಮೈಯಲ್ಲಿ ನೇರವಾಗಿ ಕಣ್ಣಿಗೆ ಬೀಳದ ಜಾಗ ನೋಡಿಕೊಳ್ಳುವುದು ಶುರುಮಾಡಿದವು. ಆಮೇಲೆ ಆತ ಅವಕ್ಕೆ ಅರಿವಳಿಕೆ ಕೊಟ್ಟು, ಹುಬ್ಬಿನ ಮೇಲೂ ಒಂದು ಕಿವಿಯ ತುದಿಗೂ ಬಣ್ಣ ಹಚ್ಚಿದ. ಎಚ್ಚರವಾದ ಮೇಲೆ ಕನ್ನಡಿ ನೋಡಿದ ಚಿಂಪಾಂಜಿಗಳು ಗಾಜು ಮುಟ್ಟಲಿಲ್ಲ, ತಮ್ಮ ಹುಬ್ಬು ಮುಟ್ಟಿಕೊಂಡವು. ಬಾಲದ ಕೋತಿಗಳಿಗೆ ಇದು ಆಗಲಿಲ್ಲ. ಅಂದಿನಿಂದ ಇದೇ ಕನ್ನಡಿ ಪರೀಕ್ಷೆ. ಪಾಸಾದವರಿಗೆ ‘ತಾನು’ ಅನ್ನುವುದು ಗೊತ್ತು, ಫೇಲಾದವರಿಗೆ ಗೊತ್ತಿಲ್ಲ ಅಂತ ಲೆಕ್ಕ.

"ಫೇಲಾದೋರ ಪಟ್ಟಿ ಬಿಡು, ಪಾಸಾದೋರು ಯಾರ್ಯಾರು?" ಅಂತ ಮೇಷ್ಟ್ರು ಕೇಳಿದರು.

ಒರಾಂಗುಟಾನ್ ಪಾಸು. 2001ರಲ್ಲಿ ನ್ಯೂಯಾರ್ಕ್ ಅಕ್ವೇರಿಯಮ್ಮಿನ ಡಾಲ್ಫಿನ್ನುಗಳು ಪಾಸು. 2008ರಲ್ಲಿ ಜರ್ಮನಿಯಲ್ಲಿ ನಮ್ಮ ಕಾಗೆಯ ಬಳಗಕ್ಕೆ ಸೇರಿದ ಮ್ಯಾಗ್‌ಪೈ ಹಕ್ಕಿ ಪಾಸು. 2019ರಲ್ಲಿ ಜಪಾನಿನಲ್ಲಿ ಬೆರಳುದ್ದದ ಒಂದು ಮೀನೂ ಪಾಸು.

"ಮೀನಾ?"

"ಮೀನು."

ಮೇಷ್ಟ್ರು ಕಾಫಿ ಲೋಟ ಕೆಳಗಿಟ್ಟು ಟೈಗರನ ಕಡೆ ನೋಡಿದ ನೋಟವನ್ನು ಫೇಲಾದ ಮಗನಿಗೂ ಯಾವ ತಂದೆಯೂ ಕೊಡಬಾರದು.

ಆನೆಯ ಕತೆ ಇನ್ನೂ ಸ್ವಾರಸ್ಯ. ಮೈಸೂರಿನವರು ಇದನ್ನು ಕೇಳಲೇಬೇಕು. ದಸರೆಗೆ ನಾವು ಹಣೆ ಸೊಂಡಿಲಿಗೆಲ್ಲ ಚಿತ್ತಾರ ಬರೆಯುವುದು ಏಷ್ಯಾದ ಆನೆಗೆ ತಾನೆ? 1989ರಲ್ಲಿ ಅಮೆರಿಕದಲ್ಲಿ ಇದೇ ಜಾತಿಯ ಆನೆಗಳಿಗೆ ಕನ್ನಡಿ ತೋರಿಸಿದಾಗ ಅವು ಫೇಲಾದವು. ಆಮೇಲೆ ಯಾರೋ ಕನ್ನಡಿಯ ಅಳತೆ ಕೇಳಿದರು. ಆನೆಯ ಇಡೀ ಮೈ ಹಿಡಿಸದ ಕನ್ನಡಿ, ಅದೂ ಕಂಬಿಯ ಆಚೆ. ಬ್ರಾಂಕ್ಸ್ ಮೃಗಾಲಯದಲ್ಲಿ ಜೋಶುವಾ ಪ್ಲಾಟ್ನಿಕ್, ಫ್ರಾನ್ಸ್ ಡಿ ವಾಲ್ ಮತ್ತು ಡಯಾನಾ ರೈಸ್ ಎಂಟಡಿ ಉದ್ದ ಎಂಟಡಿ ಅಗಲದ ಗಟ್ಟಿ ಕನ್ನಡಿಯನ್ನು ಆನೆಗಳ ಅಂಗಳದೊಳಗೇ ಇಟ್ಟರು. ಮೂರು ಆನೆಗಳಲ್ಲಿ ಹ್ಯಾಪಿ ಅನ್ನುವ ಹೆಣ್ಣಾನೆ ಹಣೆಯ ಮೇಲಿನ ಬಿಳಿ ಗುರುತನ್ನು ಸೊಂಡಿಲಿನಿಂದ ಮತ್ತೆ ಮತ್ತೆ ಮುಟ್ಟಿಕೊಂಡಿತು. 2006ರಲ್ಲಿ ಅದು ಪ್ರಕಟವಾಯಿತು. ಕನ್ನಡಿ ದೊಡ್ಡದಾದ ಕೂಡಲೇ ಆನೆಗೆ ಬುದ್ಧಿ ಬಂತು ನೋಡಿ!

ಕತೆ ಅಲ್ಲಿಗೇ ನಿಲ್ಲಲಿಲ್ಲ. ಹ್ಯಾಪಿಯನ್ನು ಮೃಗಾಲಯದಿಂದ ಬಿಡಿಸಬೇಕು ಅಂತ ಅದರ ಪರವಾಗಿ ಹೇಬಿಯಸ್ ಕಾರ್ಪಸ್ ಅರ್ಜಿ ಹಾಕಿದರು. ಅದಕ್ಕೆ ‘ತಾನು’ ಅನ್ನುವ ಅರಿವಿದೆ ಅನ್ನುವುದಕ್ಕೆ ಸಾಕ್ಷಿಯಾಗಿ ಕನ್ನಡಿ ಕೋರ್ಟು ಹತ್ತಿತು. 2022ರಲ್ಲಿ ನ್ಯೂಯಾರ್ಕಿನ ಅತ್ಯುನ್ನತ ನ್ಯಾಯಾಲಯ ಐದು–ಎರಡರ ಬಹುಮತದಲ್ಲಿ ಅರ್ಜಿ ತಳ್ಳಿಹಾಕಿತು. ಸೋತರೂ ಅಲ್ಲಿಯವರೆಗೆ ಹೋಯಿತಲ್ಲ. ಟೈಗರನ ಪರವಾಗಿ ಯಾವ ವಕೀಲ ನಿಲ್ಲುತ್ತಾನೆ?

ಅಮ್ಮಾವ್ರು ಒಗೆದ ಬಟ್ಟೆ ಹರವುತ್ತ ಅಲ್ಲೇ ಇದ್ದರು. "ನಮ್ಮ ಕಡೆ ನಾಯಿಗೆ ಮರ್ಯಾದೆ ಕೊಡೋಕೆ ಕನ್ನಡಿ ಯಾಕ್ರಿ ಬೇಕು?" ಅಂದರು. ಮಾತು ಸುಳ್ಳಲ್ಲ. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಸಿಕ್ಕ ಶಾಸನ ಕ್ರಿ.ಶ. 949–50ರ ಕಾಲದ್ದು. ರಾಷ್ಟ್ರಕೂಟ ಮುಮ್ಮಡಿ ಕೃಷ್ಣನೂ ಗಂಗರ ಬೂತುಗನೂ ಚೋಳರನ್ನು ಗೆದ್ದ ದೊಡ್ಡ ಯುದ್ಧದ ವಿಚಾರ ಅದರಲ್ಲಿದೆ. ಅದೇ ಕಲ್ಲಿನಲ್ಲಿ ಮಣಲೆರನೆಂಬ ವೀರನ ಬೇಟೆನಾಯಿ ಕಾಳಿ ಕಾಡುಹಂದಿಯ ಜೊತೆ ಹೋರಾಡಿ ಸತ್ತ ಸಂಗತಿಯೂ ಇದೆ. ಹಂದಿಯನ್ನು ಹಿಡಿದ ನಾಯಿಯನ್ನು ಕಲ್ಲಿನಲ್ಲಿ ಕೆತ್ತಿದ್ದಾರೆ. ಈಗ ಅದು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಕಾಳಿಗೆ ಕಲ್ಲು ನಿಲ್ಲಿಸುವ ಮುಂಚೆ ಯಾರೂ ಅದರ ಹಣೆಗೆ ಬಣ್ಣ ಬಳಿದು ನೋಡಲಿಲ್ಲ.

ಮೇಷ್ಟ್ರು ಅಷ್ಟು ಸುಲಭಕ್ಕೆ ಬಗ್ಗುವವರಲ್ಲ. "ಶೌರ್ಯ ಬೇರೆ, ಬುದ್ಧಿ ಬೇರೆ. ಮೀನಿಗೆ ಬಂದದ್ದು ನಾಯಿಗೆ ಯಾಕೆ ಬರಲಿಲ್ಲ ಹೇಳು."

ಉತ್ತರ ಮೀನಿನ ಕಸುಬಿನಲ್ಲೇ ಇದೆ. ಅದು ಬೇರೆ ಮೀನುಗಳ ಮೈಗೆ ಅಂಟಿದ ಹುಳುಹುಪ್ಪಟೆಗಳನ್ನು ಆರಿಸಿ ತಿಂದು ಬದುಕುವ ಮೀನು. ಗಂಟಲ ಕೆಳಗೆ ಕಂದು ಚುಕ್ಕೆ ಇಟ್ಟಾಗ, ಕನ್ನಡಿಯಲ್ಲಿ ಅದನ್ನು ಕಂಡು, ಹೋಗಿ ಮರಳಿಗೆ ಗಂಟಲು ಉಜ್ಜಿಕೊಂಡಿತು. ಅದೇ ಸಂಶೋಧಕರು ಆಮೇಲೆ ಹಸಿರು, ನೀಲಿ ಚುಕ್ಕೆ ಇಟ್ಟು ನೋಡಿದರೆ ಮೀನು ಕ್ಯಾರೇ ಅನ್ನಲಿಲ್ಲ. ಕಂದು ಚುಕ್ಕೆ ಹುಳುವಿನ ಹಾಗೆ ಕಾಣುತ್ತದೆ, ಹುಳು ಅದರ ಅನ್ನ. ಹಸಿರು ಚುಕ್ಕೆಯಿಂದ ಅದಕ್ಕೆ ಆಗಬೇಕಾದ್ದೇನಿಲ್ಲ. ಅಂದರೆ ಗುರುತು ಕಂಡರೆ ಸಾಲದು, ಅದು ಕಿರಿಕಿರಿಯನ್ನೂ ಮಾಡಬೇಕು.

ಈಗ ನಾಯಿಗೆ ಬನ್ನಿ. ಸ್ನಾನ ಮಾಡಿಸಿದ ಐದೇ ನಿಮಿಷಕ್ಕೆ ಎಲ್ಲಿ ಸಗಣಿ ಸಿಗುತ್ತದೆ ಅಂತ ಹುಡುಕಿ, ಅದರಲ್ಲಿ ಬೆನ್ನು ಹೊರಳಿಸಿ, ಸಭೆಯಲ್ಲಿ ಶಾಲು ಹೊದೆಸಿಕೊಂಡವರ ಗತ್ತಿನಲ್ಲಿ ಮನೆಯೊಳಕ್ಕೆ ಬರುವ ಪ್ರಾಣಿ ಅದು. ಅಂಥದಕ್ಕೆ ಹಣೆಯ ಮೇಲೊಂದು ಬೊಟ್ಟು ಇದ್ದರೆ ಏನು, ಬಿಟ್ಟರೆ ಏನು? ಅದೂ ಅಲ್ಲದೆ ಕೆಂಪು ಬೊಟ್ಟು. 1989ರಲ್ಲಿ ಅಮೆರಿಕದಲ್ಲಿ ನಾಯಿಗಳ ಕಣ್ಣು ಪರೀಕ್ಷಿಸಿ ನೋಡಿದವರಿಗೆ ಗೊತ್ತಾದದ್ದು, ಅವಕ್ಕೆ ಚೆನ್ನಾಗಿ ಕಾಣುವ ಬಣ್ಣಗಳು ನೀಲಿ ಮತ್ತು ಹಳದಿ ಅಂತ. ಕೆಂಪಿಗೂ ಹಸಿರಿಗೂ ಅವು ಭೇದ ಮಾಡಲಾರವು. ಕಂದು ಹಣೆಯ ಮೇಲೆ ಕುಂಕುಮ ಇಟ್ಟು ಟೈಗರನಿಗೆ ಪ್ರಶ್ನೆ ಕೇಳುವುದು, ಬಿಳಿ ಹಾಳೆಯ ಮೇಲೆ ಬಿಳಿ ಶಾಯಿಯಲ್ಲಿ ಪ್ರಶ್ನೆಪತ್ರಿಕೆ ಅಚ್ಚು ಹಾಕಿಸಿದ ಹಾಗಾಯಿತು.

ಮನುಷ್ಯರ ಮಕ್ಕಳಿಗೂ ಈ ಪರೀಕ್ಷೆ ಇದೆ. 1972ರಲ್ಲಿ ಬ್ಯೂಲಾ ಆಮ್‌ಸ್ಟರ್‌ಡ್ಯಾಂ ಅನ್ನುವ ಮನಶ್ಶಾಸ್ತ್ರಜ್ಞೆ ಕೂಸುಗಳ ಮೂಗಿಗೆ ಕೆಂಪು ಹಚ್ಚಿ ಕನ್ನಡಿ ತೋರಿಸಿದಳು. ಒಂದೂವರೆ ಎರಡು ವರ್ಷದ ಹೊತ್ತಿಗೆ ಬಹಳಷ್ಟು ಮಕ್ಕಳು ತಮ್ಮ ಮೂಗು ಮುಟ್ಟಿಕೊಳ್ಳುತ್ತವೆ. ಇದು ಅಮೆರಿಕದ ಮಾತು. ಕೀನ್ಯಾದ ಹಳ್ಳಿಗಳಲ್ಲಿ ಇದಕ್ಕಿಂತ ದೊಡ್ಡ ಮಕ್ಕಳಿಗೆ ಇದನ್ನೇ ಮಾಡಿದಾಗ ಮುಟ್ಟಿಕೊಂಡವು ತೀರ ಕಡಿಮೆ, ಹೆಚ್ಚಿನವು ಕನ್ನಡಿ ನೋಡುತ್ತ ಸುಮ್ಮನೆ ನಿಂತವು. ಅವಕ್ಕೆ ತಾನು ಯಾರು ಅಂತ ಗೊತ್ತಿರಲಿಲ್ಲ ಅಂತ ಯಾರಾದರೂ ಹೇಳಿಯಾರೇ? ಅಷ್ಟು ದೂರ ಯಾಕೆ, ನಮ್ಮ ಮನೆಗಳಲ್ಲೇ ನೋಡಿ. ಎಣ್ಣೆ ನೀರು ಹಾಕಿ, ಪೌಡರು ಬಳಿದು, ಕೆನ್ನೆಗೊಂದು ದೃಷ್ಟಿಬೊಟ್ಟು ಇಡುತ್ತೇವೆ. ಆ ಕೂಸಿಗೆ ಮುಖದ ಮೇಲೊಂದು ಗುರುತು ಇರುವುದೇ ಸರಿ, ಇಲ್ಲದ ದಿನ ಬೇಕಾದರೆ ಅನುಮಾನಪಡಬೇಕು. ದೊಡ್ಡವರು ಇಟ್ಟದ್ದನ್ನು ಅಳಿಸಿಕೊಳ್ಳಬಾರದು ಅನ್ನುವ ಮನೆಯಲ್ಲಿ ಬೆಳೆದ ಮಗು ಕನ್ನಡಿ ನೋಡಿ ಸುಮ್ಮನಿದ್ದರೆ ಅದಕ್ಕೆ ಸೊನ್ನೆ ಕೊಡುವವರಿಗೇ ಒಂದು ಪಾಠ ಬಾಕಿ ಇದೆ.

"ಹಾಗಾದರೆ ನಾಯಿಗೆ ಸಿಲಬಸ್ಸೇ ಬೇರೆ ಅಂತೀಯ?" ಅಂದರು ಮೇಷ್ಟ್ರು.

ಬೇರೆಯೇ. ನಮ್ಮದು ಕಣ್ಣಿನ ಸಂಸಾರ, ಅದರದು ಮೂಗಿನ ಸಂಸಾರ. ಸಾಮಾನ್ಯವಾಗಿ ಹೇಳುವ ಲೆಕ್ಕದ ಪ್ರಕಾರ ವಾಸನೆ ಹಿಡಿಯುವ ಗ್ರಾಹಕಗಳು ಮನುಷ್ಯನ ಮೂಗಿನಲ್ಲಿ 50–60 ಲಕ್ಷ, ನಾಯಿಯ ಮೂಗಿನಲ್ಲಿ 20 ಕೋಟಿಗೂ ಮೇಲೆ. ಹತ್ತಿರದಿಂದ ಅದರ ಮೂಗು ನೋಡಿದ್ದೀರಾ? ಎದುರಿಗಿನ ಎರಡು ಹೊಳ್ಳೆಗಳ ಜೊತೆ ಎರಡೂ ಪಕ್ಕಕ್ಕೆ ಒಂದೊಂದು ಸೀಳು ಇರುತ್ತದೆ. ಉಸಿರು ಎಳೆಯುವುದು ಎದುರಿನಿಂದ, ಬಿಡುವುದು ಪಕ್ಕದ ಸೀಳಿನಿಂದ. ಹಾಗಾಗಿ ಬಿಟ್ಟ ಉಸಿರು ಮೂಸುವ ವಾಸನೆಯನ್ನು ಚದುರಿಸುವುದಿಲ್ಲ. ಹೊಸ ನಾಯಿ ಎದುರಾದರೆ ಅದು ಮೊದಲು ನೋಡುವುದು ಮುಖವನ್ನಲ್ಲ ಅಂತ ನಮಗೆಲ್ಲ ಗೊತ್ತು, ಬಾಲದ ಬುಡಕ್ಕೆ ಹೋಗುತ್ತದೆ. ಅಂಥ ಪ್ರಾಣಿಯ ಎದುರಿಗೆ ವಾಸನೆಯಿಲ್ಲದ, ಸದ್ದಿಲ್ಲದ, ಬಾಲದ ಬುಡವೂ ಸಿಗದ ಒಂದು ನಾಯಿಯನ್ನು ನಿಲ್ಲಿಸಿ, ಇದು ಯಾರು ಹೇಳು ಅಂದರೆ ಏನು ಹೇಳೀತು? ಮೂಸಿತು, ಹಿಂದೆ ಹುಡುಕಿತು, ಯಾರೂ ಇಲ್ಲ ಅಂತ ತೀರ್ಮಾನ ಮಾಡಿತು. ಗಾಜಿನ ಹಿಂದೆ ನಿಜವಾಗಿ ಯಾರೂ ಇರಲಿಲ್ಲವಲ್ಲ.

ಮೂಗಿಗೆ ಕನ್ನಡಿ ಮಾಡಿಕೊಟ್ಟರೆ ಹೇಗೆ ಅಂತ ಯೋಚಿಸಿದವರು ಇದ್ದಾರೆ. ಅವರಲ್ಲಿ ಮಾರ್ಕ್ ಬೆಕಾಫ್ ಅಂತ ಅಮೆರಿಕದ ಕೊಲೊರಾಡೊ ವಿಶ್ವವಿದ್ಯಾಲಯದ ಪ್ರೊಫೆಸರು ನನಗೆ ತುಂಬಾ ಇಷ್ಟ. ಅವರ ನಾಯಿಯ ಹೆಸರು ಜೆತ್ರೊ. ಅವರಿದ್ದ ಬೋಲ್ಡರ್ ಊರಲ್ಲಿ ಚಳಿಗಾಲಕ್ಕೆ ನೆಲವೆಲ್ಲ ಹಿಮ. ನಾಯಿ ಕಾಲೆತ್ತಿದ ಕಡೆ ಹಿಮ ಹಳದಿಯಾಗುತ್ತದೆ. ಈ ಪ್ರೊಫೆಸರು ಐದು ಚಳಿಗಾಲ ಕೈಗವಸು ಹಾಕಿಕೊಂಡು, ಜೆತ್ರೊ ನೋಡದಿರುವಾಗ ಅದರ ಹಳದಿ ಹಿಮವನ್ನೂ ಬೇರೆ ನಾಯಿಗಳ ಹಳದಿ ಹಿಮವನ್ನೂ ಬಾಚಿ ಬೇರೆ ಬೇರೆ ಜಾಗಕ್ಕೆ ಸಾಗಿಸಿದರು. ಪ್ರೊಫೆಸರೊಬ್ಬರು ಇಂಥ ಪದಾರ್ಥ ಹೊತ್ತುಕೊಂಡು ತಿರುಗುವುದನ್ನು ಕಂಡ ದಾರಿಹೋಕರು ಏನಂದುಕೊಂಡಿರಬಹುದು, ನೀವೇ ಊಹಿಸಿ. ಆಮೇಲೆ ಜೆತ್ರೊ ಎಲ್ಲಿ ಎಷ್ಟು ಹೊತ್ತು ಮೂಸುತ್ತದೆ ಅಂತ ಗಡಿಯಾರ ಹಿಡಿದು ನೋಡಿದರು. ಪರರದ್ದರ ಮುಂದೆ ಹೆಚ್ಚು ಹೊತ್ತು, ತನ್ನದರ ಮುಂದೆ ಕಡಿಮೆ ಹೊತ್ತು. ತನ್ನದು ಅಂತ ಗೊತ್ತಾದ ಮೇಲೆ ಅಲ್ಲಿ ಓದುವುದೇನಿದೆ? 2001ರಲ್ಲಿ ಇದು ಶಾಸ್ತ್ರೀಯ ಪತ್ರಿಕೆಯಲ್ಲಿ ಅಚ್ಚಾಯಿತು, ಶೀರ್ಷಿಕೆಯಲ್ಲಿ ಹಳದಿ ಹಿಮದ ಸಮೇತ.

ನ್ಯೂಯಾರ್ಕಿನ ಬರ್ನಾರ್ಡ್ ಕಾಲೇಜಿನ ಅಲೆಕ್ಸಾಂಡ್ರಾ ಹೊರೊವಿಟ್ಜ್ ಇನ್ನೂ ಅಚ್ಚುಕಟ್ಟಾಗಿ ಇದನ್ನು ಮಾಡಿದರು. ಗ್ಯಾಲಪ್ ಮುಖಕ್ಕೆ ಗುರುತು ಇಟ್ಟರೆ ಇವರು ವಾಸನೆಗೇ ಗುರುತು ಇಟ್ಟರು. ಡಬ್ಬಿಗಳಲ್ಲಿ ನಾಯಿಯ ಸ್ವಂತ ಮೂತ್ರ, ಬೇರೆ ನಾಯಿಯ ಮೂತ್ರ, ಮತ್ತೆ ಸ್ವಂತದ್ದಕ್ಕೇ ಬೇರೊಂದು ವಾಸನೆ ಬೆರೆಸಿದ್ದು. 2017ರಲ್ಲಿ ಪ್ರಕಟವಾದ ಈ ಪ್ರಯೋಗದಲ್ಲಿದ್ದದ್ದು 36 ಸಾಕುನಾಯಿಗಳು. ತನ್ನದೇ ವಾಸನೆಯ ಮುಂದೆ ಅವು ಹೆಚ್ಚು ನಿಲ್ಲಲಿಲ್ಲ. ತನ್ನದಕ್ಕೆ ಏನೋ ಕಲಬೆರಕೆಯಾಗಿದೆ ಅಂತ ಕಂಡಾಗ ನಿಂತು ನಿಂತು ಮೂಸಿದವು. ಕನ್ನಡಿ ಮುಂದೆ ನಿಂತು, ಇದೇನಪ್ಪ ಕೆನ್ನೆ ಮೇಲೆ ಹೊಸ ಮೊಡವೆ ಅಂತ ಬಗ್ಗಿ ನೋಡುತ್ತೇವಲ್ಲ, ಹತ್ತಿರ ಹತ್ತಿರ ಅದೇ.

"ಹಾಗಾದರೆ ಪಾಸು ಅನ್ನು," ಅಂದರು ಮೇಷ್ಟ್ರು, ಧ್ವನಿಯಲ್ಲಿ ಸ್ವಲ್ಪ ಆಸೆ.

ಪೂರ್ತಿ ಪಾಸು ಅನ್ನಲಿಕ್ಕೆ ಗ್ಯಾಲಪ್ಪೇ ಬಿಡಲಿಲ್ಲ. ಮಾರನೆಯ ವರ್ಷವೇ ಜೊತೆಯವರೊಬ್ಬರನ್ನು ಸೇರಿಸಿಕೊಂಡು ತಕರಾರು ಬರೆದರು. ಹೊಸ ವಾಸನೆ ಬಂದರೆ ನಾಯಿ ಹೆಚ್ಚು ಮೂಸುವುದು ಸಹಜ, ಅದರಿಂದಲೇ ಅದು ‘ಇದು ನಾನು’ ಅಂದುಕೊಂಡಿತು ಅಂತ ಹೇಗೆ ಹೇಳುತ್ತೀರಿ ಅಂತ ಅವರ ಪಾಟೀಸವಾಲು. ಅದೂ ನ್ಯಾಯವೇ. ಪರಿಚಯದ ವಾಸನೆ ಅನ್ನುವುದು ಬೇರೆ, ನನ್ನದು ಅನ್ನುವುದು ಬೇರೆ.

ಆದರೆ ಕನ್ನಡಿಯೂ ಬೇಡ, ಮೂತ್ರವೂ ಬೇಡ ಅನ್ನುವಂಥ ಇನ್ನೊಂದು ಪರೀಕ್ಷೆ ಇದೆ. ಹಂಗೆರಿಯ ಬುಡಾಪೆಸ್ಟಿನವರು 2021ರಲ್ಲಿ ಪ್ರಕಟಿಸಿದರು. ನಾಯಿಯನ್ನು ಒಂದು ಸಣ್ಣ ಚಾಪೆಯ ಮೇಲೆ ನಿಲ್ಲಿಸಿ, ಚಾಪೆಗೇ ಕಟ್ಟಿದ ಒಂದು ಆಟದ ಸಾಮಾನನ್ನು ತಂದುಕೊಡು ಅನ್ನುವುದು. ಬಾಯಲ್ಲಿ ಕಚ್ಚಿ ಎತ್ತಿದರೆ ಚಾಪೆ ಕಾಲ ಕೆಳಗೆ ಎಳೆಯುತ್ತದೆ. ನಾಯಿಗಳು ಚಾಪೆಯಿಂದ ಇಳಿದು ಕೊಟ್ಟವು. ಸಾಮಾನನ್ನು ನೆಲಕ್ಕೆ ಕಟ್ಟಿದ್ದಾಗ ಹಾಗೆ ಇಳಿಯುವುದು ಕಡಿಮೆ. ಅಂದರೆ ಅಡ್ಡ ಇರುವುದು ನನ್ನ ಮೈಯೇ ಅಂತ ಅವಕ್ಕೆ ತಿಳಿಯುತ್ತದೆ. ಬಸ್ಸಿನ ಬಾಗಿಲಲ್ಲಿ ನಿಂತು "ಒಳಗೆ ಹೋಗ್ರೀ" ಅಂತ ಎಲ್ಲರ ಮೇಲೂ ರೇಗುವ ನಮ್ಮ ಜನಕ್ಕೆ ಈ ಚಾಪೆ ಪರೀಕ್ಷೆ ಇಟ್ಟರೆ ಎಷ್ಟು ಜನ ಪಾಸಾಗುತ್ತಾರೋ!

ನಾಯಿಗೂ ಪ್ರತಿಬಿಂಬಕ್ಕೂ ಗಂಟು ಹಾಕಿದ ಕತೆಗಳು ನಮ್ಮಲ್ಲಿ ಬೇಕಾದಷ್ಟಿವೆ. ಹೊಳೆ ದಾಟುವಾಗ ನೀರಿನಲ್ಲಿ ಕಂಡ ಇನ್ನೊಂದು ತುಂಡಿಗೆ ಬಾಯಿ ಹಾಕಿ, ಇದ್ದದ್ದನ್ನೂ ಕಳೆದುಕೊಂಡ ನಾಯಿಯನ್ನು ಎಲ್ಲರೂ ಸಣ್ಣ ಕ್ಲಾಸಿನಲ್ಲಿ ಓದಿದ್ದೇವೆ. ಪ್ರವಚನಕಾರರ ಕೈಯಲ್ಲಂತೂ ಕನ್ನಡಿ ಮಹಲಿಗೆ ಹೊಕ್ಕು ಬೊಗಳಿ ಬೊಗಳಿ ಸತ್ತ ನಾಯಿ ಎಷ್ಟು ಸಲ ಸತ್ತಿದೆಯೋ ಲೆಕ್ಕವಿಲ್ಲ. ಕತೆ ಕಟ್ಟಿದವರಿಗೆ ನಾಯಿ ತನ್ನ ಬಿಂಬ ಗುರುತಿಸುವುದಿಲ್ಲ ಅನ್ನುವುದು ಸರಿಯಾಗಿ ಗೊತ್ತಿತ್ತು. ವಾಸನೆಯಿಲ್ಲದ ಮಾಂಸಕ್ಕೆ ನಾಯಿ ಸೊಪ್ಪು ಹಾಕುವುದಿಲ್ಲ ಅನ್ನುವುದನ್ನು ಮಾತ್ರ ಮರೆತರು. ಕನ್ನಡಿಯೊಳಗಿನ ಗಂಟಿಗೆ ಕೈ ಚಾಚುವುದು ಮನುಷ್ಯರ ಚಾಳಿ. ಕನ್ನಡಿ ಮಹಲಿನ ನಾಯಿ ಕೂಡ ಸ್ವಲ್ಪ ಹೊತ್ತು ಬೊಗಳಿ, ನಾಲ್ಕು ಗೋಡೆ ಮೂಸಿ, ಮೂಲೆಯಲ್ಲಿ ಸುತ್ತಿಕೊಂಡು ಮಲಗುತ್ತಿತ್ತು ಅಂತ ನನ್ನ ಅನಿಸಿಕೆ.

ನಮ್ಮ ಬೀದಿಯ ನೀಲಿ ಬಾಟಲಿಗಳ ಕತೆಯೂ ಇದೇ ಗೋತ್ರದ್ದು. ಬಟ್ಟೆಗೆ ಹಾಕುವ ನೀಲಿಯನ್ನು ನೀರಿಗೆ ಬೆರೆಸಿ, ಖಾಲಿ ಬಾಟಲಿಗೆ ತುಂಬಿ, ಗೇಟಿನ ಎರಡೂ ಕಡೆ ಇಡುತ್ತಾರಲ್ಲ. ಯಾಕೆ ಅಂತ ಕೇಳಿದರೆ, ನಾಯಿ ಅದರಲ್ಲಿ ತನ್ನದೇ ಬಿಂಬ ಕಂಡು ಹೆದರಿ ಗೇಟಿನ ಹತ್ತಿರ ಗಲೀಜು ಮಾಡದೆ ಓಡುತ್ತದೆ ಅಂತಾರೆ. ಜಪಾನಿನಲ್ಲಿ ಬೆಕ್ಕು ಬಾರದಿರಲಿ ಅಂತ ಬರಿಯ ನೀರಿನ ಬಾಟಲಿ ಇಡುತ್ತಾರೆ. ಎದುರುಮನೆಯವರು ಎರಡರ ಜಾಗದಲ್ಲಿ ಆರು ಇಟ್ಟಿದ್ದಾರೆ. ಬೀದಿಯ ನಾಯಿಗಳು ಬರುತ್ತವೆ, ಮೂಸುತ್ತವೆ, ಈಗ ಬಾಟಲಿಗೇ ನೇರವಾಗಿ ಕಾಲೆತ್ತುತ್ತವೆ. ನೀಲಿ ಅವಕ್ಕೆ ಕಾಣುವುದೇನೋ ನಿಜ, ಅದರಲ್ಲಿ ಹೆದರುವಂಥದ್ದು ಏನೂ ಕಾಣುವುದಿಲ್ಲ. ಹಿಂದಿನ ನಾಯಿ ಬಿಟ್ಟುಹೋದ ವಾಸನೆ ಅಲ್ಲಿರುವವರೆಗೂ ಮುಂದಿನ ನಾಯಿ ಬಂದು ಜವಾಬು ಬರೆದೇ ಬರೆಯುತ್ತದೆ. ಬಾಟಲಿಗೆ ಹಾಕುವ ನೀರನ್ನು ಸೋಪಿನ ಜೊತೆ ಆ ಜಾಗಕ್ಕೆ ಹಾಕಿ ತಿಕ್ಕಿದರೆ ಉಪಯೋಗವಾದೀತು.

ಇನ್ನು ಕನ್ನಡಿ ಪರೀಕ್ಷೆಯಲ್ಲಿ ಡಿಸ್ಟಿಂಕ್ಷನ್ ತಗೊಂಡ ನಾವು. ಗುರುತಿನ ಚೀಟಿಯ ಫೋಟೋ ನೋಡಿ "ಇದು ನಾನಲ್ಲ" ಅನ್ನದವರು ಯಾರಿದ್ದಾರೆ? ಅದಕ್ಕೂ ಕಾರಣವಿದೆ. 1977ರಲ್ಲಿ ಅಮೆರಿಕದಲ್ಲಿ ಒಂದಷ್ಟು ಹೆಣ್ಣುಮಕ್ಕಳಿಗೆ ಅವರದೇ ಫೋಟೋವನ್ನು ಎರಡು ಥರ ತೋರಿಸಿದರು. ಒಂದು ಇದ್ದ ಹಾಗೆ, ಇನ್ನೊಂದು ಕನ್ನಡಿಯಲ್ಲಿ ಕಾಣುವ ಹಾಗೆ ಎಡಬಲ ತಿರುಗಿಸಿದ್ದು. ಅವರಲ್ಲಿ ಹೆಚ್ಚಿನವರು ಮೆಚ್ಚಿದ್ದು ತಿರುಗಿಸಿದ್ದನ್ನು, ಗೆಳತಿಯರು ಮೆಚ್ಚಿದ್ದು ಇದ್ದ ಹಾಗಿದ್ದದ್ದನ್ನು. ದಿನಾ ಕನ್ನಡಿಯಲ್ಲಿ ಕಂಡು ಕಂಡು ಅಭ್ಯಾಸವಾದ ಮುಖ ಲೋಕಕ್ಕೆ ಕಾಣುವ ಮುಖವಲ್ಲ. ಜೀವಮಾನವಿಡೀ ನಾವು ‘ನಾನು’ ಅಂತ ತಿಳಿದದ್ದು ಎಡಬಲ ಅದಲುಬದಲಾದ ಒಬ್ಬರನ್ನು.

ಮೂಸುವುದು ಕೀಳು ಅಂತ ನಾವು ತಿಳಿದಿರುವುದೂ ಬರೀ ಬಿಗುಮಾನ. ಇಸ್ರೇಲಿನ ವೈಜ್ಮನ್ ಸಂಸ್ಥೆಯವರು ಗುಟ್ಟಾಗಿ ಕ್ಯಾಮೆರಾ ಇಟ್ಟು ನೋಡಿ 2015ರಲ್ಲಿ ಬರೆದರು. ಹೊಸಬರ ಕೈ ಕುಲುಕಿದ ಮೇಲೆ ಜನ ತಮಗೇ ಗೊತ್ತಿಲ್ಲದ ಹಾಗೆ ಕೈಯನ್ನು ಮೂಗಿನ ಹತ್ತಿರ ತಂದು ಮೂಸಿಕೊಳ್ಳುತ್ತಾರೆ. ಇದನ್ನು ಹೇಳುವಾಗ ಮೇಷ್ಟ್ರ ಕೈ ಮೂಗಿನ ತುದಿಯ ಹತ್ತಿರವೇ ಇತ್ತು. ಸರಕ್ಕನೆ ಇಳಿಸಿ, ಕನ್ನಡಕ ಸರಿಮಾಡಿಕೊಂಡ ಹಾಗೆ ಮಾಡಿದರು.

ಅಷ್ಟಾದರೂ ಅವರ ತೀರ್ಪು ಪೂರ್ತಿ ಬದಲಾಗಲಿಲ್ಲ. "ಗ್ರೇಸ್ ಮಾರ್ಕ್ಸ್ ಕೊಟ್ಟು ಮೂವತ್ತೈದು ಮಾಡೋಣ," ಅಂದರು. ನನ್ನ ತೀರ್ಪು ಬೇರೆ. ಕನ್ನಡಿ ಪರೀಕ್ಷೆ ಕಣ್ಣಿನಿಂದ ಬದುಕುವವರು ಕಣ್ಣಿನಿಂದ ಬದುಕುವವರಿಗೆ ಇಟ್ಟ ಪರೀಕ್ಷೆ. ನಾಯಿ ಅದಕ್ಕೆ ಅರ್ಜಿಯನ್ನೇ ಹಾಕಿರಲಿಲ್ಲ. ಕೂರಿಸಿದವರು ನಾವು, ಫೇಲು ಅಂದವರೂ ನಾವು.

ಇಷ್ಟು ಓದಿದ ಮೇಲೆ ನಾಯಿ ಸಾಕಿದವರು ಒಂದು ಕೆಲಸ ಮಾಡಬಹುದು. ಬೆಳಿಗ್ಗೆ ವಾಕಿಂಗಿನಲ್ಲಿ ನಾಯಿ ಒಂದು ಕಂಬದ ಬುಡದಲ್ಲಿ ನಿಂತರೆ, ಫೋನಿನಲ್ಲಿ ಮಾತಾಡುತ್ತಲೇ ಹಗ್ಗ ಜಗ್ಗಿ ದರದರ ಎಳೆದುಕೊಂಡು ಹೋಗುವುದನ್ನು ದಿನಾ ನೋಡುತ್ತೇನೆ. 2019ರಲ್ಲಿ ಶಾರ್ಲಟ್ ಡ್ಯುರಾಂಟನ್ ಅವರೂ ಅದೇ ಹೊರೊವಿಟ್ಜ್ ಅವರೂ ಸೇರಿ, ಕೆಲವು ನಾಯಿಗಳಿಗೆ ಎರಡು ವಾರ ದಿನಾ ಮೂಸಿ ಹುಡುಕುವ ಆಟ ಆಡಿಸಿದರು, ಇನ್ನು ಕೆಲವಕ್ಕೆ ಯಜಮಾನರ ಪಕ್ಕದಲ್ಲಿ ಶಿಸ್ತಾಗಿ ನಡೆಯುವ ಅಭ್ಯಾಸ ಮಾಡಿಸಿದರು. ಆಮೇಲೆ ಸಿಕ್ಕೀತೋ ಇಲ್ಲವೋ ಅನ್ನುವಂಥ ಜಾಗದಲ್ಲಿ ಬಟ್ಟಲು ಇಟ್ಟಾಗ, ಅದರಲ್ಲಿ ತಿಂಡಿ ಇದ್ದೀತು ಅಂತ ನಂಬಿ ಬೇಗ ಓಡಿದವು ಮೂಸುವ ಆಟ ಆಡಿದವು. ಅಂದರೆ ಮೂಸಿದ ನಾಯಿಯ ಮನಸ್ಸು ಹಗುರಾಗಿರುತ್ತದೆ. ಆದ್ದರಿಂದ ನಾಳೆಯಿಂದ ಹತ್ತು ನಿಮಿಷ ಮುಂಚೆ ಮನೆ ಬಿಡಿ, ಹಗ್ಗ ಸಡಿಲ ಬಿಡಿ, ಅದು ನಿಂತ ಕಡೆ ನೀವೂ ನಿಲ್ಲಿ. ಮೂಸಿ ಮುಗಿಯುವವರೆಗೆ ಎಳೆಯಬೇಡಿ.